“ಮನೆ ಎಲ್ಲಿ?” “ತೊಕ್ಕೊಟ್ಟು, ಸರ್”

ಕೊರೊನಾ ಕಾಲದಲ್ಲಿ ಗಡಿಯ ಜನ ಯಾಕೆ ಅಷ್ಟು ಸುಳ್ಳು ಹೇಳಿದರು ಅಂತ ಕೇಳಿದ್ದೀರಿ. ಹೇಳಿದ್ದು ಹೌದು ಮಾರಾಯ್ರೆ. ನಾನೂ ಹೇಳಿದ್ದೇನೆ.

ನನ್ನ ಮನೆ ಮಂಜೇಶ್ವರದ ಹತ್ತಿರ. ಜಿಲ್ಲೆ ಕಾಸರಗೋಡು, ರಾಜ್ಯ ಕೇರಳ. ಆದರೆ ಹೆರಿಗೆಗೆ, ಡಯಾಲಿಸಿಸ್‌ಗೆ, ಮದುವೆ ಸೀರೆಗೆ ಎಲ್ಲದಕ್ಕೂ ಮಂಗಳೂರೇ. ಗಡಿಯ ತಲಪಾಡಿ ದಾಟುವುದೆಂದರೆ ನಮಗೆ ಪೇಟೆಗೆ ಹೋದ ಹಾಗೆ, ಅಷ್ಟೇ.

2020ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಕೇಸು ಏರಿತು. ಗಲ್ಫಿನ ನಂಟು ಜಾಸ್ತಿ ಇರುವ ಊರು ನೋಡಿ. ಸೋಂಕು ತಗಲಿದವರು ಎಲ್ಲೆಲ್ಲಿ ಹೋಗಿದ್ದರು ಅಂತ ಕೇರಳದಲ್ಲಿ ರೂಟ್ ಮ್ಯಾಪ್ ಹೊರಡಿಸುತ್ತಿದ್ದರು. ಯಾವ ಅಂಗಡಿ, ಎಷ್ಟು ಗಂಟೆಗೆ, ಎಲ್ಲ ಇರುತ್ತಿತ್ತು. ಹೆಸರು ಮಾತ್ರ ಇಲ್ಲ. ಆದರೂ ಸಂಜೆಯೊಳಗೆ ವಾಟ್ಸಾಪಿನಲ್ಲಿ ಮನೆ ಯಾವುದು ಅಂತ ಗೊತ್ತಾಗಿಬಿಡುತ್ತಿತ್ತು. ಅದನ್ನು ನೋಡಿದ ಮೇಲೆ ಬಾಯಿ ಬಿಡಲು ಯಾರಿಗೆ ಧೈರ್ಯ?

ಹಾಗಂತ ಎಲ್ಲರೂ ತಪ್ಪಿಸಿಕೊಂಡು ತಿರುಗಲಿಲ್ಲ. ಪಕ್ಕದ ಮನೆಯ ಹುಡುಗ ದುಬೈಯಿಂದ ಬಂದವ. ಹದಿನಾಲ್ಕು ದಿನವೂ ಕೋಣೆ ಬಿಟ್ಟು ಹೊರಬರಲಿಲ್ಲ. ಅವನಮ್ಮ ಊಟದ ತಟ್ಟೆಯನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು, ಒಮ್ಮೆ ಬಡಿದು, ಅಂಗಳದ ಆಚೆಯ ತೆಂಗಿನ ಬುಡದವರೆಗೆ ಹೋಗಿ ನಿಲ್ಲುತ್ತಿದ್ದರು. ಅವ ಉಂಡು ಮುಗಿಸುವವರೆಗೂ ಅಲ್ಲೇ. ಆರೋಗ್ಯ ವಿಚಾರಿಸುವ ಆಶಾ ಕಾರ್ಯಕರ್ತೆ ಅಕ್ಕ ಗೇಟಿನಿಂದಲೇ “ಎಂತ, ಜ್ವರ ಉಂಟಾ?” ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಕೆಮ್ಮು ಬಂದ ದಿನ ಅವನೇ ಕರೆದು ಹೇಳಿದ. ಹೇಳಿದರೆ ಮಾತ್ರೆ ಬರುತ್ತದೆ ಅಂತ ಅವನಿಗೆ ಗೊತ್ತಿತ್ತು.

ಗಡಿಯಲ್ಲಿ ನಿಜ ಹೇಳಿದರೆ ವಾಪಸ್. ಕರ್ನಾಟಕದ ಕಡೆಯಿಂದ ರಸ್ತೆಗೆ ಮಣ್ಣು ಸುರಿದರು. ಆಂಬುಲೆನ್ಸ್‌ಗೂ ದಾರಿ ಇಲ್ಲ. ಮಂಗಳೂರು ಮುಟ್ಟಲಾಗದೆ ತೀರಿಕೊಂಡವರಿದ್ದಾರೆ. ಹೈಕೋರ್ಟ್, ಸುಪ್ರೀಂ ಕೋರ್ಟ್ ಅಂತ ಹೋದ ಮೇಲೆ ಏಪ್ರಿಲ್‌ನಲ್ಲಿ ತುರ್ತು ರೋಗಿಗಳನ್ನು ಬಿಡಲು ಒಪ್ಪಿದರು. 2021ರಲ್ಲಿ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ರಿಪೋರ್ಟ್ ಕೇಳಿದರು. ಆಗ ಸುಳ್ಳು ರಿಪೋರ್ಟ್ ತೋರಿಸಿ ಸಿಕ್ಕಿಬಿದ್ದವರೂ ಇದ್ದರು. ಅದು ತಪ್ಪೇ, ಅವರ ಪರ ನಾನು ಮಾತಾಡುವುದಿಲ್ಲ.

ನನ್ನದು ಚಿಕ್ಕ ಸುಳ್ಳು. ಅಮ್ಮನ ಕಣ್ಣಿನ ಆಪರೇಷನ್ ಆಗಿತ್ತು, ಡಾಕ್ಟರಿಗೆ ತೋರಿಸಬೇಕಿತ್ತು. ನನ್ನ ಸ್ಕೂಟರ್ ಕೆಎಲ್ 14, ಕಾಸರಗೋಡಿನ ನಂಬರ್. ಅದಕ್ಕೆ ಮಂಗಳೂರು ನಂಬರಿನ, ಭಾವನ ಕೆಎ 19 ಸ್ಕೂಟರ್ ಕೇಳಿ ತಂದೆ. ಇಬ್ಬರೂ ಮೂಗಿನ ಮೇಲೆ ಮಾಸ್ಕ್ ಸರಿಯಾಗಿ ಎಳೆದುಕೊಂಡು ಹೊರಟೆವು. ಪೊಲೀಸರು “ಮನೆ ಎಲ್ಲಿ?” ಅಂದರು. “ತೊಕ್ಕೊಟ್ಟು, ಸರ್” ಅಂದೆ. ಅದು ಗಡಿಯ ಆಚೆ, ಕರ್ನಾಟಕದ ಊರು. ಹಿಂದಿನಿಂದ ಅಮ್ಮನೂ “ಹೌದು ಹೌದು” ಅಂದರು. ನಂಬರ್ ಪ್ಲೇಟ್ ನೋಡಿ ಬಿಟ್ಟರು.

ಸ್ವಲ್ಪ ಮುಂದೆ ಹೋದ ಮೇಲೆ ಅಮ್ಮ ಬೆನ್ನು ತಟ್ಟಿ ಕೇಳಿದರು, “ತೊಕ್ಕೊಟ್ಟಿನಲ್ಲಿ ಯಾವಾಗ ಮನೆ ಕಟ್ಟಿದ್ದು ನೀನು?”