‘ಝೆಲರಿ’ ಸಿನಿಮಾದ ಎಲಿಷ್ಕಾಗೆ ಯೋಝಾ ಮೇಲೆ ಇದ್ದದ್ದು ಪ್ರೀತಿಯಾ, ಬರೀ ಋಣವಾ?

ಪ್ರೀತಿಯೇ. ನನಗಂತೂ ಅನುಮಾನವಿಲ್ಲ. ‘ಬಚ್ಚಿಟ್ಟು ಕಾಪಾಡಿದವನ ಋಣ ತೀರಿಸಿದಳು, ಅಷ್ಟೇ ಅಲ್ವಾ?’ ಎಂದು ನೀವು ಕೇಳಿದ್ದೀರಿ. ಆದರೆ ಸಿನಿಮಾದಲ್ಲಿ ಮೊದಲು ಕೊಟ್ಟವಳು ಅವಳೇ.

ನೋಡದವರಿಗಾಗಿ ಕಥೆ ಹೇಳುತ್ತೇನೆ. ಇದು ಓಂದ್ರೆಯ್ ಟ್ರೋಯಾನ್ ನಿರ್ದೇಶಿಸಿದ 2003ರ ಝೆಕ್ ಸಿನಿಮಾ. ಎರಡನೇ ಮಹಾಯುದ್ಧದ ಕಾಲ, ಊರೆಲ್ಲ ಜರ್ಮನ್ನರ ಹಿಡಿತದಲ್ಲಿದೆ. ಎಲಿಷ್ಕಾ ಡಾಕ್ಟರ್ ಆಗಬೇಕಿದ್ದವಳು. 1939ರ ನವೆಂಬರ್‌ನಲ್ಲಿ ನಾಜಿಗಳು ಝೆಕ್ ವಿಶ್ವವಿದ್ಯಾಲಯಗಳಿಗೆ ಬೀಗ ಜಡಿದ ಮೇಲೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಸರ್ಜನ್ ರಿಚರ್ಡ್ ಅವಳ ಪ್ರಿಯಕರ. ಇಬ್ಬರೂ ಗುಟ್ಟಾಗಿ ನಾಜಿಗಳ ವಿರುದ್ಧ ಕೆಲಸ ಮಾಡುತ್ತಿರುತ್ತಾರೆ. ಒಂದು ರಾತ್ರಿ ಬೆಟ್ಟದ ಊರಿನ ಯೋಝಾ ಎಂಬ ಕೂಲಿಯವನು ತೀರಾ ಗಾಯಗೊಂಡು ಬರುತ್ತಾನೆ. ಅವಳ ರಕ್ತ ಅವನಿಗೆ ಹೊಂದುತ್ತದೆ, ಅವನು ಬದುಕುತ್ತಾನೆ. ಅಷ್ಟರಲ್ಲಿ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಪೊಗೆ ಇವರ ಸುಳಿವು ಸಿಗುತ್ತದೆ. ರಿಚರ್ಡ್ ದೇಶ ಬಿಟ್ಟು ಹೋಗುತ್ತಾನೆ. ಇವಳು ಹಾನಾ ಎಂಬ ಹೆಸರಿಟ್ಟುಕೊಂಡು ಯೋಝಾ ಹಿಂದೆ ಅವನ ಊರಿಗೆ ಹೊರಡಬೇಕಾಗುತ್ತದೆ. ಜನರ ಬಾಯಿ ಮುಚ್ಚಿಸಲು ಅವನನ್ನೇ ಮದುವೆಯೂ ಆಗುತ್ತಾಳೆ.

ಅಂದರೆ ಇವಳು ರಕ್ತ ಕೊಟ್ಟಳು, ಅವನು ಮನೆ ಕೊಟ್ಟ. ಆ ಮನೆಯೇನೂ ಸಣ್ಣ ಕೊಡುಗೆಯಲ್ಲ. 1942ರ ಜೂನ್‌ನಲ್ಲಿ ಲಿಡಿತ್ಸೆ ಎಂಬ ಹಳ್ಳಿಯ 173 ಗಂಡಸರನ್ನು ನಾಜಿಗಳು ಒಂದೇ ದಿನ ಗುಂಡಿಟ್ಟು ಕೊಂದಿದ್ದರು. ನಾಜಿಗಳು ಹುಡುಕುತ್ತಿದ್ದವರಿಗೆ ಆಸರೆ ಕೊಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಋಣದ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು ಅಲ್ವಾ? ಆಮೇಲೆ ನಡೆದದ್ದೆಲ್ಲ ಬೇರೆ.

ಮೊದಮೊದಲು ಅವಳಿಗೆ ಅವನನ್ನು ಕಂಡರೆ ಭಯ. ಕರೆಂಟಿಲ್ಲದ ಮನೆ, ಮಾತೇ ಆಡದ ದೊಡ್ಡ ಗಂಡಸು. ಅವನೋ ಗಂಡನೆಂಬ ಹಕ್ಕು ಚಲಾಯಿಸದೆ ಸುಮ್ನೆ ಕಾಯುತ್ತಾನೆ. ಅದೇ ಊರಿನಲ್ಲಿ ಕುಡಿದು ಹೆಂಡತಿ ಮಕ್ಕಳನ್ನು ಬಡಿಯುವವರೂ ಇದ್ದಾರೆ. ಅದನ್ನೆಲ್ಲ ಅವಳು ನೋಡುತ್ತಾಳೆ. ಆದರೂ ಅವನ ಒಳ್ಳೆಯತನಕ್ಕೇ ಅವಳು ಸೋತಳು ಅಂತ ನನಗೆ ಅನ್ನಿಸುವುದಿಲ್ಲ. ನಾಟಿ ಔಷಧಿ ಗೊತ್ತಿದ್ದ ಮುದುಕಿ ಲುಟ್ಸ್ಕಾ ಜತೆ ಇವಳ ಒಡನಾಟ ಬೆಳೆಯುತ್ತದೆ ನೋಡಿ, ಆಗ ಊರು ಅವಳದಾಗುತ್ತದೆ. ಬಚ್ಚಿಟ್ಟುಕೊಂಡವಳು ಹೋಗಿ ಅಲ್ಲಿ ಬದುಕುವವಳಾಗುತ್ತಾಳೆ. ಯೋಝಾನನ್ನು ಅವಳು ಸರಿಯಾಗಿ ನೋಡುವುದೇ ಆಮೇಲೆ. ಎಲಿಷ್ಕಾ ಆಗಿರುವ ನಟಿ ಆನ್ಯಾ ಗೈಸ್ಲೆರೊವಾ ಇದನ್ನೆಲ್ಲ ಮಾತಿಲ್ಲದೆ, ಬರೀ ನಡೆ ನೋಟದಲ್ಲೇ ತೋರಿಸುತ್ತಾರೆ. ಯೋಝಾ ಆಗಿರುವುದು ಹಂಗೇರಿಯ ನಟ ಚೆರ್‌ಹಾಲ್ಮಿ.

ಎರಡೂವರೆ ಗಂಟೆ ಜಾಸ್ತಿಯಾಯಿತು, ಒಪ್ಪುತ್ತೇನೆ. ಊರಿನ ಉಪಕಥೆಗಳಲ್ಲಿ ಒಂದೆರಡನ್ನು ಕತ್ತರಿಸಬಹುದಿತ್ತು. ಆದರೆ ಈ ಕಥೆ ಬರೆದ ಕ್ವೆತಾ ಲೆಗಾತೊವಾ ಗುಡ್ಡಗಾಡಿನ ಶಾಲೆಗಳಲ್ಲಿ ಟೀಚರ್ ಆಗಿದ್ದವರು. 80 ದಾಟಿದ ಮೇಲೆ ಹೆಸರು ಮಾಡಿದವರು. ಅಂಥ ಊರಿನ ಒರಟುತನವನ್ನು ಅವರು ಹತ್ತಿರದಿಂದ ಕಂಡಿದ್ದರು.

ರಿಚರ್ಡ್ ಮಧ್ಯದಲ್ಲೇ ವಾಪಸ್ ಬಂದಿದ್ದರೆ ಹೋಗುತ್ತಿದ್ದಳಾ ಎಂದೂ ಕೇಳಿದ್ದೀರಿ. ಮೊದಲ ವಾರದಲ್ಲಾಗಿದ್ದರೆ ಚಪ್ಪಲಿಯನ್ನೂ ಹುಡುಕದೆ ಓಡುತ್ತಿದ್ದಳು. ಆಮೇಲಾಗಿದ್ದರೆ ಅವನನ್ನು ಕೂರಿಸಿ ಊಟ ಹಾಕಿ ಕಳಿಸುತ್ತಿದ್ದಳು ಅಂತ ನನ್ನ ಲೆಕ್ಕ.