ಆ ಕಪ್ಪು ಚೌಕ ಯಾಕೆ ಸೊಟ್ಟಗಿದೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನೀವು ಅಚ್ಚು ಹಾಕಿದ, ಚಿತ್ರಕಲಾವಿದ ಮಾಲೆವಿಚ್ ಅವರ ‘ಕಪ್ಪು ಚೌಕ’ವನ್ನು ಸ್ಕೇಲು, ಮೂಲೆಮಟ್ಟ ಹಿಡಿದು ಪರೀಕ್ಷಿಸಿದೆ. ಮೂಲೆಗಳು 90 ಡಿಗ್ರಿ ಇಲ್ಲ. ಅಚ್ಚಿನಲ್ಲಿ ಚಿತ್ರ ವಾಲಿತೋ, ಇಲ್ಲ ಆ ಕಲಾವಿದರಿಗೆ ಒಂದು ಚೌಕ ಬರೆಯಲೂ ಬರುತ್ತಿರಲಿಲ್ಲವೋ?
— ನಿವೃತ್ತ ಗಣಿತ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ಆ ಚಿತ್ರ ನೋಡಿ ಬೈದು ಬರೆದವರು ಬೇಕಾದಷ್ಟು ಜನ. ಅಳೆದು ಬರೆದವರು ನೀವೊಬ್ಬರೇ! ಅಚ್ಚಿನವರದೇನೂ ತಪ್ಪಿಲ್ಲ. ಮಾಸ್ಕೋದ ಟ್ರೆತ್ಯಕೋವ್ ಗ್ಯಾಲರಿಯಲ್ಲಿರುವ ಮೂಲ ಚಿತ್ರವೇ ಹಾಗಿದೆ. ಕ್ಯಾನ್ವಾಸಿನ ಉದ್ದ 79.5 ಸೆಂಟಿಮೀಟರ್, ಅಗಲವೂ ಅಷ್ಟೇ. ಆದರೆ ಒಳಗಿನ ಕಪ್ಪು ಆಕಾರದ ಅಂಚುಗಳು ಕ್ಯಾನ್ವಾಸಿನ ಅಂಚಿಗೆ ಸಮಾಂತರವಾಗಿಲ್ಲ.

ಬರೆಯಲು ಬರುತ್ತಿರಲಿಲ್ಲ ಅನ್ನುವುದು ಕಷ್ಟ. ಸ್ಕೇಲು ಎಲ್ಲಿ ಬೇಕಾದರೂ ಸಿಗುತ್ತದೆ, ಅಲ್ವಾ? 1915ರ ಡಿಸೆಂಬರಿನಲ್ಲಿ, ಈಗಿನ ಸೇಂಟ್ ಪೀಟರ್ಸ್‌ಬರ್ಗ್, ಅಂದರೆ ಆಗಿನ ಪೆಟ್ರೊಗ್ರಾಡ್‌ನ ಒಂದು ಪ್ರದರ್ಶನದಲ್ಲಿ ಈ ಚಿತ್ರ ಮೊದಲ ಸಲ ಜನರ ಮುಂದೆ ಬಂತು. ಅಲ್ಲೇ ಅವರ ಕೆಂಪು ಚೌಕವೂ ಇತ್ತು. ಅದರ ಬಲಗಡೆಯ ಮೇಲ್ಮೂಲೆಯನ್ನು ಯಾರೋ ಹಿಡಿದು ಎಳೆದಂತಿದೆ. ಅದಕ್ಕೆ ಮೂಲೆಮಟ್ಟವೇ ಬೇಡ, ಕಣ್ಣಿಗೇ ಗೊತ್ತಾಗುತ್ತದೆ. ಎರಡು ಕಡೆಯೂ ಕೈ ಜಾರಿತು ಅಂದರೆ ನಾನಂತೂ ಒಪ್ಪುವುದಿಲ್ಲ.

ನಿಮ್ಮ ಜಾಮೆಟ್ರಿ ಬಾಕ್ಸ್ ತೆಗೆದು, ಬಿಳಿ ಹಾಳೆಯ ನಟ್ಟನಡುವೆ ಪಕ್ಕಾ ಚೌಕವೊಂದನ್ನು ಬರೆದು ಕಪ್ಪು ತುಂಬಿ ನೋಡಿ. ಕಣ್ಣು ಒಂದು ಸಲ ‘ಚೌಕ’ ಅಂದುಕೊಂಡು ಮುಂದೆ ಹೋಗಿಬಿಡುತ್ತದೆ. ಸುತ್ತಲಿನ ಬಿಳಿ ಪಟ್ಟಿ ಒಂದು ಕಡೆ ತುಸು ಜಾಸ್ತಿ, ಇನ್ನೊಂದು ಕಡೆ ತುಸು ಕಡಿಮೆ ಆದರೆ ಹಾಗಾಗುವುದಿಲ್ಲ. ಆಕಾರ ಅಲುಗಾಡಿದ ಹಾಗೆ ಕಾಣುತ್ತದೆ. ಕಪ್ಪು ಮುಂದೆ ಬಂದು ನಿಂತಿದೆಯೋ, ಬಿಳಿಯಲ್ಲಿ ತೂತು ಬಿದ್ದಿದೆಯೋ ಹೇಳಲಾಗುವುದಿಲ್ಲ. ಮನೆ, ಮರ, ಮುಖ ಎಲ್ಲವನ್ನೂ ಬಿಟ್ಟು ಬರೀ ಬಣ್ಣ ಮತ್ತು ಆಕಾರದಿಂದ ನೋಡುವವರ ಮನಸ್ಸನ್ನು ಮುಟ್ಟಬೇಕು ಅಂತ ಹೊರಟವರು ಮಾಲೆವಿಚ್. ಅಂಥವರಿಗೆ ಈ ಅಲುಗಾಟ ಇಲ್ಲದೆ ಕೆಲಸ ನಡೆಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಆ ಪ್ರದರ್ಶನದಲ್ಲಿ ಕಪ್ಪು ಚೌಕವನ್ನು ತೂಗುಹಾಕಿದ್ದಾದರೂ ಎಲ್ಲಿ? ಎರಡು ಗೋಡೆ ಸೇರುವ ಮೂಲೆಯಲ್ಲಿ, ಮೇಲೆ. ರಷ್ಯನ್ ಮನೆಗಳಲ್ಲಿ ದೇವರ ಪಟ ಇಡುವ ಜಾಗ ಅದು. ಅಲೆಕ್ಸಾಂಡರ್ ಬೆನುವಾ ಎಂಬ ವಿಮರ್ಶಕರು ಪತ್ರಿಕೆಯಲ್ಲಿ ಖಾರವಾಗಿಯೇ ಬರೆದರು. ಆ ಸಿಟ್ಟು ಸುಮ್ನೆ ಬಂದದ್ದಲ್ಲ.

ಇನ್ನೊಂದು ವಿಷಯ ನಿಮ್ಮ ಸ್ಕೇಲಿಗೆ ಸಿಕ್ಕಿರುವುದಿಲ್ಲ. ಆ ಕಪ್ಪಿನ ಕೆಳಗೆ ಬಣ್ಣದ ಎರಡು ಚಿತ್ರಗಳಿವೆ ಅಂತ 2015ರಲ್ಲಿ ಟ್ರೆತ್ಯಕೋವ್ ಗ್ಯಾಲರಿಯವರು ಪರೀಕ್ಷೆ ಮಾಡಿ ತಿಳಿಸಿದರು. ಕಪ್ಪು ಬಣ್ಣ ಈಗ ತುಂಬ ಬಿರುಕು ಬಿಟ್ಟಿದೆ. ಸಂದಿಗಳಲ್ಲಿ ಕೆಳಗಿನ ಬಣ್ಣ ಇಣುಕುತ್ತದೆ. ನಮ್ಮ ಕಾಗದದ ಮೇಲೆ ಅದೆಲ್ಲ ಕಾಣದು.

ಸ್ಕೇಲಿನ ಕೆಲಸವೇ ನೋಡಬೇಕೆಂದರೆ ನಸ್ರೀನ್ ಮೊಹಮದಿ ಇದ್ದಾರೆ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿದವರು, ಬರೋಡಾದಲ್ಲಿ ಕಲೆ ಕಲಿಸಿದವರು, 1990ರಲ್ಲಿ ತೀರಿಕೊಂಡರು. ನಕ್ಷೆ ಬರೆಯುವವರ ಉಪಕರಣ ಇಟ್ಟುಕೊಂಡು, ಪೆನ್ಸಿಲ್ ಮತ್ತು ಇಂಕಿನಲ್ಲಿ ಗೆರೆ ಮೇಲೆ ಗೆರೆ ಎಳೆದರು. ನರಗಳ ಕಾಯಿಲೆಯಿಂದ ಕೈ ಹತೋಟಿ ತಪ್ಪುತ್ತಿದ್ದ ಕೊನೆಯ ವರ್ಷಗಳಲ್ಲೂ ಗೆರೆ ಮಾತ್ರ ಕದಲಲಿಲ್ಲ. ಅವು ತೀರಾ ತೆಳುವಾದ ಗೆರೆಗಳು, ಪತ್ರಿಕೆಯಲ್ಲಿ ಅಚ್ಚು ಹಾಕಿದರೆ ಅರ್ಧ ಮಾಯ. ದಿಲ್ಲಿ ಕಡೆ ಹೋದರೆ ಕಿರಣ್ ನಾಡಾರ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಅವರ ಚಿತ್ರಗಳಿವೆ. ಈಗ ನೋಡಲು ಇಟ್ಟಿದ್ದಾರಾ ಅಂತ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.