ಊರಿಗೆಲ್ಲ ಒಂದೇ ಹುಟ್ಟುಹಬ್ಬ

ಪ್ರಶ್ನೆ: ಆಧಾರ್ ಪ್ರಕಾರ ನಮ್ಮಪ್ಪನಿಗೆ ಈ ಜೂನ್ 1ಕ್ಕೆ 70 ತುಂಬುತ್ತದೆ. ಮನೆಯವರೆಲ್ಲ ಸೇರಿ ಆಚರಿಸಬೇಕು ಅಂತಿದ್ದೇವೆ. ಆದರೆ ದೊಡ್ಡಪ್ಪನದ್ದೂ ಜೂನ್ 1, ಪಕ್ಕದ ಮನೆ ತಾತನದ್ದೂ ಜೂನ್ 1. ಇದು ಹೇಗೆ? ಆ ದಿನ ನಿಜವಾಗಿ ಹುಟ್ಟಿದ ಹೆಸರಾಂತರು ಇದ್ದಾರಾ?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಖಂಡಿತ ಇದ್ದಾರೆ. ಮೊದಲು ನಿಮ್ಮಪ್ಪನ ವಿಷಯ ನೋಡೋಣ, ಯಾಕೆಂದರೆ ನಮ್ಮ ತಂದೆಯ ದಾಖಲೆಯಲ್ಲೂ ಜೂನ್ 1 ಅಂತಲೇ ಇತ್ತು.

ಆಗೆಲ್ಲ ಹೆರಿಗೆ ಮನೆಯಲ್ಲೇ. ಸೂಲಗಿತ್ತಿ ಬರುತ್ತಿದ್ದರು, ತಾರೀಖು ಬರೆದಿಡುವವರು ಇರುತ್ತಿರಲಿಲ್ಲ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಕೇಳಿದರೆ ಅವ್ವಂದಿರು 'ರಾಗಿ ಕುಯ್ಲು ಟೈಮು' ಅಂತಲೋ 'ಮಾರಿಹಬ್ಬ ಆಗಿ ಎಂಟು ದಿನಕ್ಕೆ' ಅಂತಲೋ ಹೇಳುತ್ತಿದ್ದರು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆ ಮೇಲಿಂದ ತಂದು ಎಡಕಿವಿ ಮುಟ್ಟಿಸಿ ನೋಡುತ್ತಿದ್ದರು, ಮುಟ್ಟಿದರೆ ವಯಸ್ಸಾಯಿತು ಅಂತ ಲೆಕ್ಕ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಬೇಕು, ಅದಕ್ಕೆ ಜೂನ್ 1 ಅಂತ ಬರೆದುಬಿಟ್ಟರು. ಅದೇ ತಾರೀಖು ಮುಂದೆ ಟಿಸಿಗೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ, ಆಧಾರ್‌ಗೆ ಬಂತು. ಮೇಷ್ಟ್ರು ಮಾಡಿದ್ದು ತಪ್ಪು ಅಂತ ನನಗೆ ಅನಿಸಿಲ್ಲ. ಒಂದು ತಾರೀಖು ಬರೆದದ್ದಕ್ಕೇ ಅಲ್ವಾ ಅಷ್ಟು ಮಕ್ಕಳು ಶಾಲೆ ಸೇರಿದ್ದು?

ಸರ್ಕಾರಿ ನೌಕರಿಯಲ್ಲಿ ತಿಂಗಳ 1ನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಮೇ 31ರಂದು ಕಚೇರಿಗಳಲ್ಲಿ ಸಾಲು ಸಾಲು ಬೀಳ್ಕೊಡುಗೆ ನಡೆಯುವುದು ಇದಕ್ಕೇ. ದೇಶಕ್ಕೆಲ್ಲ ಒಂದೇ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ, ನಿಮ್ಮಪ್ಪ ಅಷ್ಟರಲ್ಲಿ ಶಾಲೆ ಸೇರಿ ಎಷ್ಟೋ ವರ್ಷ ಆಗಿತ್ತು.

ಇನ್ನು ನಿಜವಾಗಿ ಆ ದಿನ ಹುಟ್ಟಿದವರು. ನನಗೆ ಎಲ್ಲರಿಗಿಂತ ಇಷ್ಟ ಆಂಧ್ರದ ಕರ್ಣಂ ಮಲ್ಲೇಶ್ವರಿ, 1975. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಭಾರ ಎತ್ತುವ ಸ್ಪರ್ಧೆ ಮೊದಲ ಸಲ ಇಟ್ಟದ್ದೇ 2000ದಲ್ಲಿ, ಸಿಡ್ನಿಯಲ್ಲಿ. ಅಲ್ಲಿ ಇವರು ಎರಡೂ ಸುತ್ತು ಸೇರಿ 240 ಕೆಜಿ ಎತ್ತಿ ಕಂಚು ತಂದರು. ಭಾರತದ ಹೆಣ್ಣುಮಗಳೊಬ್ಬಳು ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಹುಟ್ಟಿದ್ದು 1842ರ ಜೂನ್ 1. ಬ್ರಿಟಿಷರ ಕಾಲದ ಉನ್ನತ ಆಡಳಿತ ಸೇವೆ, ಇಂಗ್ಲಿಷರೇ ತುಂಬಿದ್ದ ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ ಅವರು. ಜೆಟ್ ಎಂಜಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾಂಕ್ ವಿಟ್ಲ್ 1907ರವರು. ಸಿನಿಮಾದವರು ಬೇಕೆಂದರೆ ಮರ್ಲಿನ್ ಮನ್ರೋ 1926, ನರ್ಗಿಸ್ 1929.

ಆ ದಿನ ನಡೆದದ್ದೂ ಬೇಕಾದಷ್ಟಿದೆ. 1930ರಲ್ಲಿ ಮುಂಬೈ–ಪುಣೆ ನಡುವೆ ಡೆಕ್ಕನ್ ಕ್ವೀನ್ ರೈಲು ಶುರುವಾಯಿತು. ಕಣ್ಣು ಕಾಣದೆ, ಕಿವಿ ಕೇಳದೆ ಓದಿ ಪದವಿ ಪಡೆದ ಹೆಲೆನ್ ಕೆಲ್ಲರ್ ತೀರಿಕೊಂಡದ್ದು 1968ರಲ್ಲಿ. ಮಾಜಿ ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿ 1996ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು. 2001ರಲ್ಲಿ ನೇಪಾಳದ ರಾಜಮನೆತನದ ಹತ್ಯೆ. ಅದೇ 2001ರಿಂದ ಜೂನ್ 1 ವಿಶ್ವ ಹಾಲಿನ ದಿನ ಕೂಡ. ಬೆಳಗಾದರೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಲ್ಲುವ ನಿಮ್ಮ ಕಡೆಯವರಿಗೆ ಇದು ಗೊತ್ತಿರಬೇಕಾದದ್ದೇ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ತಾರೀಖೂ ಅದೇ. ಆಮೇಲೆ ಕೊಡಗಿನಲ್ಲಿ ಮಳೆ ಹಿಡಿದರೆ, ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಿ 124.80 ಅಡಿ ಯಾವಾಗ ಮುಟ್ಟುತ್ತೋ ಅಂತ ಮಂಡ್ಯದವರೆಲ್ಲ ಕಾಯುತ್ತಾರೆ.

ಜೂನ್ 1ಕ್ಕೇ ಸಡಗರದಿಂದ ಹಬ್ಬ ಮಾಡಿ. ಅದಕ್ಕೂ ಮುಂಚೆ ಒಂದು ಕೆಲಸ ಆಗಬೇಕು. ನಿಮ್ಮ ದೊಡ್ಡಪ್ಪ ಅಥವಾ ಊರಿನ ಹಿರಿಯ ಅಜ್ಜಿಯರನ್ನು ಕೂರಿಸಿಕೊಂಡು, ಅಪ್ಪ ಹುಟ್ಟಿದಾಗ ಯಾವ ಮಳೆ ಬರುತ್ತಿತ್ತು ಅಂತ ಕೇಳಿ. ತಾರೀಖು ಮರೆತವರಿಗೂ ಮಳೆಯ ಹೆಸರು ನೆನಪಿರುತ್ತದೆ. ಒಂದೊಂದು ಮಳೆ ನಕ್ಷತ್ರಕ್ಕೂ ಸುಮಾರು ಹದಿಮೂರು, ಹದಿನಾಲ್ಕು ದಿನ. 'ಹುಬ್ಬೆ ಮಳೇಲಿ' ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 13ರ ಒಳಗೆ ಅಂತ ತಿಳಿಯಿರಿ. ನಾನು ನಮ್ಮ ಸೋದರತ್ತೆ ಇದ್ದಾಗ ಕೇಳಲಿಲ್ಲ, ಈಗ ಹೇಳುವವರಿಲ್ಲ. ನೀವು ಈ ವಾರವೇ ಕೇಳಿ.